ಹನ್ನೊಂದು ಗಂಟೆ ಹತ್ತು ನಿಮಿಷ

ಗಂಟೆಗೊಮ್ಮೆ ಅವರ ಬೆರಳು ಚುಚ್ಚುವವಳು ನಾನು.
ಟ್ರಿನಿಡಾಡಿನ ಸ್ಯಾನ್ ಫರ್ನಾಂಡೊ, ಮೂರನೇ ಮಹಡಿ, ಏಳನೇ ಮಂಚ:
ಕತ್ಬರ್ಟ್ ಲೆಝಾಮ, ಎಪ್ಪತ್ತೊಂದು,
ಎಣ್ಣೆಪೀಪಾಯಿಯ ತಳ ಬಡಿದು ಬಡಿದು
ತಗಡಿಗೆ ಶ್ರುತಿ ಕಲಿಸಿದ ಕೈ.
ಬೆರಳ ತುದಿ ಎಷ್ಟು ಜಡ್ಡುಗಟ್ಟಿದೆಯೆಂದರೆ
ಸೂಜಿಯೇ ಒಮ್ಮೆ ಹಿಂದುಮುಂದು ನೋಡುತ್ತದೆ.

ಮುನ್ನೂರ ಹನ್ನೆರಡು.
ಎದೆ ಸೀಳುವ ಮುಂಚೆಯೇ ಇನ್ನೂರ ತೊಂಬತ್ತಿತ್ತು;
ಇಳಿಯಲಿ, ಕಾಯೋಣವೆಂದರೆ
ಹೃದಯದ ಕೊಳವೆ ಕಾಯುವಂತಿರಲಿಲ್ಲ.
ಕತ್ತಿ ಸೋಕಿದರೆ ಮೈ ತಾನೇ ಸಕ್ಕರೆ ಸುರಿಯುತ್ತದೆ ರಕ್ತಕ್ಕೆ,
ಬೇಡದ ನೆಂಟ ಬಾಗಿಲಿಗೆ ಬಂದನೆಂದು
ಹೆದರಿ ಹಂಡೆಗಟ್ಟಲೆ ಪಾನಕ ಕಲಸಿದ ಹಾಗೆ.
ಕುಡಿಯುವವರು ಯಾರೂ ಇಲ್ಲ.
ಮಿದುಳು ಅದರಲ್ಲೇ ನೆನೆಯುತ್ತದೆ.

ಎಲ್ಲ ಸರಿ ಹೋಯಿತು ಎಂದರು ಸರ್ಜನ್. ಹೌದು, ಹೋಯಿತು.
ಮೂರನೆಯ ರಾತ್ರಿ ಮಾತ್ರ
ಇನ್ಸುಲಿನ್ ಹನಿಯತ್ತ ಬೆರಳು ಮಾಡಿ ಕೇಳಿದರು:
"ಈ ನಲ್ಲಿ ಯಾರು ತಿರುಗಿಸದೆ ಹೋದದ್ದು?"
ಮಗಳು ಓಡೆಟ್‌ಳನ್ನು ಅವಳ ತಾಯಿಯ ಹೆಸರು ಹಿಡಿದು ಬೈದರು,
ಕಬ್ಬಿನ ರೈಲು ಬಂತು, ಹೊರಡು, ಎಂದರು.
ಆ ರೈಲು ನಿಂತು ಎಷ್ಟೋ ವರ್ಷ.
ಗದ್ದೆಗಳೂ ಈಗ ಬರೀ ಹುಲ್ಲು.
ಓಡೆಟ್ ಮೊದಲು ನಕ್ಕಳು.

ಬೆಳಿಗ್ಗೆ ಕಿರಿಯ ಡಾಕ್ಟರ್ ಕಾಗದ ಕೊಟ್ಟ:
ಒಂದು ಗಡಿಯಾರ ಬರೆಯಿರಿ,
ಹನ್ನೊಂದು ಗಂಟೆ ಹತ್ತು ನಿಮಿಷ.
ದುಂಡಗೆ ಬರೆದರು, ಕೈವಾರ ಇಟ್ಟ ಹಾಗೆ.
ಒಳಗೆ ಅಂಕಿಯಿಲ್ಲ. ಮುಳ್ಳಿಲ್ಲ.
ಹನ್ನೆರಡು ಮೊಟ್ಟೆ, ಒಂದೊಂದರಲ್ಲಿ ಒಂದಕ್ಷರ.
ಸೊನ್ನೆ, ಎಂದು ಗುರುತು ಹಾಕಿಕೊಂಡ ಡಾಕ್ಟರ್.

ನಾನು ಕಾಗದ ತಿರುಗಿಸಿ ನೋಡಿದೆ.
ಅಣ್ಣ ಗಾರ್ವಿನ್ ಪ್ಯಾನ್ ಬಾರಿಸುತ್ತಿದ್ದ;
ಊಟದ ತಟ್ಟೆಗಿಂತ ಮೊದಲು ಆ ವೃತ್ತ ನನಗೆ ಗೊತ್ತು.
ಇದು ಗಡಿಯಾರವಲ್ಲ ಡಾಕ್ಟರೇ, ಪ್ಯಾನು,
ಹನ್ನೆರಡು ಸ್ವರ, ತಂತಮ್ಮ ಮನೆಯಲ್ಲಿ,
ಹೇಳಬೇಕೆಂದು ಬಾಯಿ ತೆರೆದೆ.
ಆಮೇಲೆ ಎಣಿಸಿದೆ.
'ಸಿ' ಪಕ್ಕ 'ಜಿ' ಇರಬೇಕು.
ಅಲ್ಲಿ ಇನ್ನೊಂದು 'ಸಿ' ಕೂತಿತ್ತು. 'ಜಿ' ಎಲ್ಲೂ ಇರಲಿಲ್ಲ.
ಬಾಯಿ ಮುಚ್ಚಿದೆ.

ವಾರದಲ್ಲಿ ತಿಳಿಯಾದೀತು, ತಿಂಗಳೂ ಹಿಡಿದೀತು,
ಕೆಲವರಿಗೆ ಒಂದಷ್ಟು ಮರಳುವುದೇ ಇಲ್ಲ —
ಓಡೆಟ್‌ಗೆ ಹೀಗೆ ಹೇಳಬೇಕು. ಹೇಳಿದೆ.
ಅವಳು ಕೇಳಿದ್ದು ಇಷ್ಟೇ: "ಈಗ ಎಷ್ಟು ಬಂತು?"
ನೂರ ಅರವತ್ನಾಲ್ಕು.
ಒಳ್ಳೆಯ ಸಂಖ್ಯೆ.

ಇವತ್ತು ನಸುಕಿನಲ್ಲಿ
ಉಗುರಿನಿಂದ ಸ್ಟೀಲ್ ಟ್ರೇ ತಟ್ಟಿದರು, ಒಂದೇ ಸಲ,
ಕಿವಿ ಓರೆ ಮಾಡಿ ಬಹಳ ಹೊತ್ತು ಕೂತರು.
"ಜಿ" ಎಂದರು.
ಹೌದೋ ಅಲ್ಲವೋ, ನನ್ನ ಕಿವಿಗೆ ತಿಳಿಯದು.
ಇನ್ನೊಂದು ಬೆರಳು ಕೊಡಿ, ಎಂದೆ.