ಕಾಲಿದ್ದಷ್ಟು ಹಾಸಿಗೆ

ಹೊಳೆಯ ಹೆಸರು ಓವನ್ಸ್.
ಫಲಕ ಓದಿ ನಕ್ಕಳು ಇಂಚರ:
ಅಪ್ಪಾ, ಒಲೆ ಹೊಳೆ!
ಬ್ರೈಟ್ ಊರಿನಾಚೆ, ಜುಲೈ ತಿಂಗಳ ಶನಿವಾರ,
ಎಲೆಯೆಲ್ಲ ಕಳಚಿಟ್ಟು ನಿಂತ ಪಾಪ್ಲರ್ ಸಾಲು,
ನಾಲ್ಕೂವರೆಗೇ ಬೆಟ್ಟದ ಹಿಂದೆ ಜಾರಿದ ಬಿಸಿಲು.
ಕಲ್ಲುಗಳ ನಡುವೆ ಹಲ್ಲು ಕಡಿಯುತ್ತ
ಹರಿಯುತ್ತಿತ್ತು ಉರಿಯದ ಒಲೆ.

ಚಳಿ ನನಗೆ ಹೊಸದಲ್ಲ.
ಏಳು ವರ್ಷ ಲ್ಯಾವರ್ಟನ್ನಿನ ಶೀತಕೋಠಿಯಲ್ಲಿ
ಕುರಿಮಾಂಸದ ಪೆಟ್ಟಿಗೆ ಎತ್ತಿಟ್ಟವನು,
ಮೈನಸ್ ಹದಿನೆಂಟರಲ್ಲಿ ಮೂಗು ಒರೆಸಿಕೊಳ್ಳುತ್ತ.
ಆದರೆ ಆ ಚಳಿಗೆ ಬಾಗಿಲಿದೆ, ಬಾಗಿಲಿಗೆ ಹಿಡಿಯಿದೆ,
ಸಾಕು ಬಾ ಎಂದು ಹೊರಗೆ ಕರೆಯುವ ಗಂಟೆಯಿದೆ.
ತಣ್ಣಗಿಡುವುದೇ ಕಸುಬಾದವನಿಗೆ
ಇವತ್ತೊಂದು ರಾತ್ರಿ
ಹತ್ತೊಂಬತ್ತು ಕಿಲೋದ ಒಂದು ಜೀವವನ್ನು
ಬೆಚ್ಚಗಿಡುವ ಕೆಲಸ.

ತಂದದ್ದು ದೊಡ್ಡವರ ಸ್ಲೀಪಿಂಗ್ ಬ್ಯಾಗು.
ಮಕ್ಕಳದ್ದು ಅಂಗಡಿಯಲ್ಲಿ ಮುಗಿದಿತ್ತು.
ಒಳಗೆ ಇಳಿದವಳು ತಳ ಸಿಗದೆ
ಈಜುಕೊಳ ಅಂದಳು.
ಪಕ್ಕದ ಕ್ಯಾರವಾನಿನ ಗ್ಲೆನಿಸ್, ಎಪ್ಪತ್ತು ದಾಟಿದವಳು,
ಟಾರ್ಚು ಹಾಯಿಸಿ ನೋಡಿ ತಲೆಯಾಡಿಸಿದಳು:
ಖಾಲಿ ಜಾಗ ಬಿಸಿ ಮಾಡುತ್ತ ಕೂತರೆ
ಮಗುವಿಗೇನು ಉಳಿಯುತ್ತೆ? ಮಡಚಿ ಕಟ್ಟು.

ಹಾಸಿಗೆ ಇದ್ದಷ್ಟು ಕಾಲು ಚಾಚು
ಎಂದು ಕೇಳಿ ಕೇಳಿ ಬೆಳೆದವನು
ಕಾಲು ಇದ್ದಷ್ಟೇ ಹಾಸಿಗೆ ಉಳಿಸಿ
ಮಿಕ್ಕದ್ದನ್ನು ಕೆಳಗೆ ಮಡಚಿ
ಸೊಂಟದ ಬೆಲ್ಟು ಬಿಚ್ಚಿ ಬಿಗಿದೆ.

ಹೊದಿಸುವುದಕ್ಕಿಂತ ಹಾಸುವುದು ದೊಡ್ಡದು, ಇದೂ ಅವಳೇ ಹೇಳಿದ್ದು.
ನೆಲವೇ ಕಳ್ಳ, ಬೆನ್ನಿನಿಂದ ಕದಿಯುತ್ತದೆ.
ಹಾಗಾಗಿ ಹುನಗುಂದದ ಕೌದಿ ಎರಡು ಮಡಿಕೆಯಾಗಿ ಅಡಿಗೆ ಹೋಯಿತು
(ಆ ಬಿಸಿಲಿನೂರಲ್ಲಿ ಅಷ್ಟು ದಪ್ಪ ಯಾಕೆ ಹೊಲಿದರೋ).
ಒದ್ದೆ ಕಾಲುಚೀಲ ಕಳಚಿಸಿ ಒಣಗಿದ್ದು.
ರಬ್ಬರ್ ಚೀಲದಲ್ಲಿ ಬಿಸಿನೀರು, ಅದಕ್ಕೊಂದು ಟವೆಲಿನ ಅಂಗಿ.
ಮಲಗುವ ಮುಂಚೆ ಬೆಣ್ಣೆ ಮೆತ್ತಿದ ರೊಟ್ಟಿ ಅರ್ಧ,
ಒಳಗೆ ಉರಿಯಲಿಕ್ಕೆ ಸೌದೆ.

ಹನ್ನೊಂದಕ್ಕೆ ಅವಳ ಕತ್ತಿನ ಹಿಂಬದಿ ಮುಟ್ಟಿದೆ.
ಕೈ ಸುಳ್ಳು ಹೇಳುತ್ತದೆ, ಮೂಗು ಸುಳ್ಳು ಹೇಳುತ್ತದೆ,
ಕತ್ತು ಹೇಳುವುದಿಲ್ಲ.
ಬೆಚ್ಚಗಿತ್ತು.
ಒಂದಕ್ಕೆ ಮತ್ತೆ. ಬೆಚ್ಚಗೆ, ಮೇಲೆ ತುಸು ಬೆವರು.
ಬೆವರೂ ಹಗೆಯೇ, ಆರುವಾಗ ಅದೇ ಕೊರೆಯುತ್ತದೆ:
ಸ್ವೆಟರಿನ ಒಂದು ಗುಂಡಿ ಬಿಚ್ಚಿದೆ.
ಅವಳ ಉಸಿರು ಟೆಂಟಿನ ಒಳಮೈಗೆ ಅಂಟಿ
ಹನಿಯಾಗಿ, ಹನಿ ಹರಳಾಗಿ,
ತಲೆ ತಾಗಿದ್ದೇ ನನ್ನ ಕೊರಳೊಳಗೆ ಉದುರಿತು.
ಬೈಯಲಿಕ್ಕೆ ಯಾರೂ ಸಿಗಲಿಲ್ಲ.

ಮೂರಕ್ಕೆ ಅವಳೇ ಎದ್ದಳು. ಉಚ್ಚೆ.
ನನ್ನ ಜಾಕೆಟ್ಟಿನಲ್ಲಿ ಸುತ್ತಿ ಎತ್ತಿಕೊಂಡು ಹೊರಬಂದರೆ
ಹುಲ್ಲೆಲ್ಲ ಗಾಜು, ಹೆಜ್ಜೆಗೊಂದು ಮುರಿಯುವ ಸದ್ದು.
ಬಾಲವೊಂದನ್ನೇ ಉಳಿಸಿ ಗುಡ್ಡದಾಚೆ
ಇಳಿಯುತ್ತಿತ್ತು ಆಕಾಶದ ಚೇಳು.
ಕುಕ್ಕರಗಾಲಲ್ಲಿ ಕೂತವಳ ಕೆಳಗಿಂದ ಆವಿ ಎದ್ದಿತು.
ಅಪ್ಪಾ ನೋಡು, ನನ್ನೊಳಗೆ ಒಲೆ!
ಕೂಗಿದ್ದು ಕಣಿವೆಗೆಲ್ಲ ಕೇಳಿಸಿರಬೇಕು;
ಗ್ಲೆನಿಸಳ ನಾಯಿ ಒಮ್ಮೆ ಬೊಗಳಿ ಸುಮ್ಮನಾಯಿತು.

ಆಮೇಲೆ ಮಲಗಿದಳು
ನನ್ನ ಎರಡು ಬೆರಳು ಮುಷ್ಟಿಯಲ್ಲಿಟ್ಟುಕೊಂಡು.
ಬಿಡಿಸಿಕೊಳ್ಳಲಿಲ್ಲ. ತೋಳು ಹೊರಗೇ ಉಳಿಯಿತು.
ಭುಜದಿಂದ ಅಂಗೈವರೆಗೆ ಶೀತಕೋಠಿ,
ತುದಿಯ ಎರಡು ಬೆರಳು ಮಾತ್ರ ಬೇರೆ ದೇಶ.

ಬೆಳಗ್ಗೆ ಬಾಟಲಿಯೊಳಗೆ ನೀರು ಕಲ್ಲು. ನಲ್ಲಿ ಮೂಕ.
ರಬ್ಬರ್ ಚೀಲದ್ದಷ್ಟೇ ಇನ್ನೂ ನೀರಾಗಿತ್ತು, ಮೈಯ ಹದಕ್ಕೆ.
ರಾತ್ರಿಯಲ್ಲಿ ಉಳಿದದ್ದನ್ನೇ ಬೊಗಸೆಗೆ ಸುರಿದು
ಇಬ್ಬರೂ ಮುಖ ತೊಳೆದೆವು;
ಟಯರಿನ ವಾಸನೆ ಎಂದು ಮೂಗು ಮುರಿದಳು.
ಹಿಮ ಎಲ್ಲಿ? ಎಂದಳು.
ತೋರಿಸುತ್ತೇನೆಂದು ಕರೆತಂದದ್ದು ಅದನ್ನೇ.
ದೂರದಲ್ಲಿ, ಬೆಟ್ಟದ ನೆತ್ತಿಗೆ, ಒಂದು ಬಿಳಿ ಗೆರೆ ಇತ್ತು.
ಅಗೋ ಎಂದು ಕೈ ಎತ್ತಿದೆ,
ಪ್ಯಾಂಟು ಜಾರಿತು.

ಬೆಲ್ಟು ಇನ್ನೂ ಅವಳ ಹಾಸಿಗೆಗೇ ಬಿಗಿದುಕೊಂಡಿತ್ತು.
ಕ್ಯಾರವಾನಿನ ಕಿಟಕಿಯಲ್ಲಿ ಗ್ಲೆನಿಸ್
ಚಹದ ಬಟ್ಟಲೆತ್ತಿ ಶುಭೋದಯ ಹೇಳಿದಳು.