ಷರಾ

ಸೋಮವಾರ ಹನ್ನೊಂದು ಸಾವಿರ.
ಶುಕ್ರವಾರ ಒಂದು ಲಕ್ಷ ಅರವತ್ತು.
ಗದಗಿನ ಮುಳಗುಂದ ನಾಕಾದ
ಈ ಎರಡು ಖೋಲಿ ಲ್ಯಾಬಿನಾಗ
ಹದಿನಾರು ವರ್ಷ ರಕ್ತ ಎಣಿಸಿದವ ನಾನು,
ಮೊದಲು ಸಂಶಯ ಪಟ್ಟದ್ದು ಮಷೀನಿನ ಮ್ಯಾಲ.

ತೊಳದೆ. ಹೊಸ ದ್ರಾವಣ ಹಾಕಿದೆ.
ಚೀಟಿ ಅದಲಾಬದಲಿ ಆತೇನೋ ಅಂತ
ಕಸದ ಡಬ್ಬಿ ಮಟ ಹುಡುಕಿದೆ.
ಕಡೀಕ ಗಾಜಿನ ಮ್ಯಾಲ ಹನಿ ಎಳದು
ಕಣ್ಣೀಲೆ ಎಣಿಸಿದೆ, ಒಂದೊಂದಕ್ಕೂ ಬಟನ್ ಒತ್ತಿ.
ನೋಡಿದವರು ಜಪ ಅಂದಾರು.
ಇದ್ದವು. ಸಣ್ಣ ನೇರಳೆ ಚುಕ್ಕಿ,
ಮೊನ್ನೆ ಬಯಲಿದ್ದ ಕಡೆ ಇವತ್ತು
ಸಂತಿ.

ಹೊರಗ ಬೆಂಚಿನ ಮ್ಯಾಲ ಫಕ್ಕೀರವ್ವ,
ಉಡಿಯೊಳಗ ಮೊಮ್ಮಗಳು.
ಕೂಸಿನ ಹಣಿಮ್ಯಾಲ ಅಂಗಾರ,
ಮುದುಕಿ ಮುಷ್ಟಿಯೊಳಗ ಗುಳಿಗಿ ಪಾಕೀಟು.
ಎರಡೂ ಒಂದಿನ ತಪ್ಪಿಸಿಲ್ಲ ಅಂದ್ಲು.
“ಅಜ್ಜಾರ ಪವಾಡರಿ ಇದು, ಬರೀರಿ ಚೀಟ್ಯಾಗ.”

ಬರಿಯೂದೆಲ್ಲಿ?
ಹೆಸರು, ವಯಸ್ಸು, ಕಂಡ ಪ್ರಮಾಣ, ಇರಬೇಕಾದ ಪ್ರಮಾಣ,
ತಳದಾಗ ಬೆರಳಗಲ ಒಂದು ಷರಾ.

ಪುಸ್ತಕ ತಗದೆ. ಗೆರಿ ಹೊಡದಿಟ್ಟ ಸಾಲು:
ಮಕ್ಕಳಲ್ಲಿ ಬಹಳ ಸಲ ತಾನಾಗಿಯೇ ಗುಣವಾಗುತ್ತದೆ.
ತಾನಾಗಿ.
ಎಷ್ಟು ಸರ್ತಿ ಓದೀನಿ,
ಈ ತಾನು ಯಾರು ಅಂತ ಒಮ್ಮೆನೂ ಕೇಳಿರಲಿಲ್ಲ.
ಗೊತ್ತಿಲ್ಲ ಅನ್ನೂ ಮಾತಿಗೆ
ನಾವು ತೊಡಿಸಿದ ಇಸ್ತ್ರಿ ಅಂಗಿ ಇರಬೇಕು ಅದು.

ಆದರ ಇನ್ನೊಂದೂ ಹೇಳಬೇಕು.
ಹ್ವಾದ ತಿಂಗಳು ಕಳಸಾಪುರದ ಹುಡುಗ, ದಾವಲಸಾಬನ ಮಗ.
ಅದ ಗದ್ದುಗಿ, ಅದ ಅಂಗಾರ,
ಅದ ಡಾಕ್ಟರು, ಅದ ಗುಳಿಗಿ.
ಒಂಬತ್ತು, ಆರು, ನಾಕು ಸಾವಿರ.
ನಾಕನೇ ಚೀಟಿ ಒಯ್ಯಾಕ ಯಾರೂ ಬರಲಿಲ್ಲ.
ಅವನ ಕಥಿ ಯಾವ ಕಟ್ಟಿಮ್ಯಾಲೂ ಹೇಳೂದಿಲ್ಲ.
ನನ್ನ ವಹಿಯೊಳಗ ಮಾತ್ರ
ಇಬ್ಬರೂ ಒಂದ ಶಾಯಿಯೊಳಗ ಅದಾರ.
ನಾನೇನು ದೊಡ್ಡ ಶಾಣ್ಯಾ ಅಲ್ಲ,
ನನಗ ಬರೂ ವಿಜ್ಞಾನ ಇಷ್ಟ:
ಹೋದವರನ್ನೂ ಎಣಿಸೂದು.

ಆದ್ರೂ ಚೀಟಿಮ್ಯಾಲ ಆ ಹೆಸರು.
ಕೂಸಿನ ಜೋಡಿ ಬಂದವರು: ಫಕ್ಕೀರವ್ವ.
ಯಾವದೋ ಫಕೀರನಿಗೆ ಹರಕಿ ಹೊತ್ತ
ಲಿಂಗ ಕಟ್ಟಿದ ಮನಿ ಇಟ್ಟ ಹೆಸರು.
ಎರಡು ಹೆಂಗ ಕೂಡಿದವು ಅಂತ
ಅರವತ್ತು ವರ್ಷ ಯಾರೂ ಆಕಿನ್ನ ಕೇಳಿಲ್ಲ.
ಕರದಾಗ ಓ ಅಂದಾಳ, ಅಷ್ಟ.

ಪೆನ್ನು ಝಾಡಿಸಿ ಷರಾದಾಗ ಬರದೆ:
ಎರಡು ವಾರ ಬಿಟ್ಟು ಮತ್ತೊಮ್ಮೆ ತಪಾಸಣೆ.
“ಏನ್ ಬರದ್ರಿ?”
ಓದಿ ಹೇಳಿದೆ.
ಚೀಟಿ ಮಡಚಿ ಕುಬಸದೊಳಗ ಇಟಗೊಂಡ್ಲು.
“ಹೌದ್ರಿ. ಅಜ್ಜಾರೂ ಇದನ್ನ ಅಂದ್ರು,
ಮತ್ತೊಮ್ಮೆ ಬಾ ಅಂತ.”