ನಾಲ್ಕನೇ ಕಾಲಮ್ಮು

ಯೆರವಡಾದ ಹೆಂಗಸರ ವಾರ್ಡಿಗೆ ಹೋಗುವಾಗ
ಸೇಫ್ಟಿ ಪಿನ್ನು, ದುಪಟ್ಟಾ, ಕತ್ತಿನ ಕರಿದಾರ
ಗೇಟಲ್ಲೇ ಬಿಚ್ಚಿಡಬೇಕು.
ಒಳಗೆ ಒಯ್ಯಬಹುದಾದದ್ದು ಮೋಟು ಪೆನ್ಸಿಲ್ಲು, ಒಂದು ನೋಟ್‌ಬುಕ್ಕು,
ಗೆರೆ ಎಳೆದು ನಾಲ್ಕು ಕಾಲಮ್ಮು ಮಾಡಿದ್ದು:
ರೋಗಿ ಅಂದದ್ದು. ನಾನು ಅಂದದ್ದು.
ಅದರ ಅರ್ಥ.
ನನಗೆ ಆದದ್ದು.

ಹದಿನೇಳನೇ ಮಂಚದ ಫೈಲು ಹೇಳುತ್ತದೆ:
ಅಸಂಬದ್ಧ ಮಾತು. ಬೆರಳುಗಳ ಉದ್ದೇಶರಹಿತ ಚಲನೆ.
ನನಗಿಂತ ಮೊದಲು ಬಂದ ಮೂವರು
ಅದನ್ನೇ ಓದಿ, ಅದನ್ನೇ ಕಂಡು, ಅದನ್ನೇ ಬರೆದು ಹೋಗಿದ್ದಾರೆ.
ನಾನೂ ಬರೆಯುತ್ತಿದ್ದೆ,
ಅವಳು ಗೋಡೆಯ ಕಡೆ ತಿರುಗಿ
'ಇಪ್ಪತ್ಮೂರು, ಇಪ್ಪತ್ನಾಕು' ಅನ್ನದೇ ಹೋಗಿದ್ದರೆ.

ಎರಡು ವರ್ಷದಿಂದ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು
ಫೋನಿನಲ್ಲಷ್ಟೇ ಕನ್ನಡ ಆಡಿದವಳು ನಾನು.
ಆದರೂ ಬಾಯಿಗೆ ಬಂದದ್ದು ಕಲಿಸಿದ ವಾಕ್ಯವೇ:
'ನಿಮಗೆ ಬೇಜಾರಾಗಿದೆ ಅಂತ ನನಗೆ ಅನ್ನಿಸುತ್ತಿದೆ.'
ಕಾಶವ್ವ ತಲೆಯಿಂದ ಕಾಲಿನವರೆಗೆ ನೋಡಿದಳು.
'ಹೊಸಾಕಿ ಏನ? ಎಲಿ ತೊಯ್ಸೀದೇನು?
ಸುಮ್ಕ ಕುಂತರ ಕಟ್ಟು ಆಗತಾವೇನ?
ದಾರ ಕೊಡ ಇಲ್ಲಿ.'

ಸೋಲಾಪುರದ ಬೀಡಿ.
ಎಲೆ, ಚಿಟಿಕೆ ತಂಬಾಕು, ಸುತ್ತು, ತುದಿ ಮಡಿಚು,
ಇಪ್ಪತ್ತೈದಕ್ಕೆ ಒಂದು ಕಟ್ಟು.
ಚೆಕ್ಕರು ಹಿಚುಕಿ ನೋಡುತ್ತಾನಂತೆ.
ಸಡಿಲಾದದ್ದು ಆಚೆಗೆ. ಅದಕ್ಕೆ ಕೂಲಿಯಿಲ್ಲ, ಬೀಡಿ ಮಾತ್ರ ಅವನದೇ.
'ಮೊನ್ನಿಂದು ಪೂರಾ ಒಗದ' ಅಂದಳು.
ಬೀಡಿಯೋ, ಬೇರೆ ಏನೋ,
ಕೇಳಲಿಲ್ಲ.

ವಾರ್ಡಿನಲ್ಲಿ ದಾರ ಕೂಡದು.
ಯಾಕೆಂದು ಮೊದಲ ದಿನವೇ ಹೇಳಿದ್ದಾರೆ, ಎರಡು ಸಲ.
ಬರಿಗೈ ಚಾಚಿದೆ.
ಅದರಿಂದಲೇ ಒಂದು ಎಳೆ ಎಳೆದುಕೊಂಡು
ಹಲ್ಲಲ್ಲಿ ಕಡಿದು, ಬಿಗಿದಳು.
ಇಪ್ಪತ್ತೈದು.

ಸಿಸ್ಟರ್ ಲೋಂಢೆ ಕೆಂಪು ಪೆನ್ನಿನಲ್ಲಿ ಕೇಳಿದ್ದಾರೆ:
ಮೂರನೇ ಕಾಲಮ್ಮಿನಲ್ಲಿ ಬೀಡಿ ಕಟ್ಟುವ ವಿಧಾನವಿದೆ, ಲಕ್ಷಣ ಎಲ್ಲಿ?
ಸರಿಯೇ. ಸಂಜೆಯ ಗುಳಿಗೆ ತಪ್ಪಿದ ರಾತ್ರಿ
ಕಾಶವ್ವ ಹಣೆಯನ್ನು ಗೋಡೆಗೆ ಬಡಿದದ್ದು ನಾನೂ ಕಂಡವಳೇ.
ಗುಳಿಗೆ ಬೇಕು. ಲಕ್ಷಣದ ಹೆಸರೂ ಬೇಕು.
'ಉದ್ದೇಶರಹಿತ' ಎಂಬ ಒಂದು ಪದವನ್ನು ಮಾತ್ರ
ನನ್ನ ಕೈ ಬರೆಯಲೊಲ್ಲದು.

ಖಾಲಿ ಬಿಟ್ಟ ನಾಲ್ಕನೇ ಕಾಲಮ್ಮಿಗೂ ಒಂದು ಕೆಂಪು ಸುತ್ತು.
ಶಿವಾಜಿನಗರದ ಬಸ್ಸಿನಲ್ಲಿ, ಕಿಟಕಿ ಪಕ್ಕ,
ಏನು ಬರೆಯಲೆಂದು ಹುಡುಕುತ್ತಿದ್ದೆ.
ಎದುರು ಕೂತ ಮುದುಕ ನನ್ನ ಮಡಿಲನ್ನೇ ನೋಡುತ್ತಿದ್ದ.
ಬಗ್ಗಿ ನೋಡಿಕೊಂಡೆ:
ತೋರುಬೆರಳ ಮೇಲೆ ಹೆಬ್ಬೆರಳು ಉರುಳುತ್ತಿತ್ತು,
ತುಟಿಯಲ್ಲಿ
ಹದಿನಾರು.